ವಿಭಾಗದ ಕಾಲಂ ಖಾಲಿ ಯಾಕೆ?

ಪ್ರಶ್ನೆ: ನಮ್ಮ ಸಂಸ್ಥೆಯ 340 ನೌಕರರ ವಿವರವನ್ನು ಮೈಕ್ರೋಸಾಫ್ಟ್ ಗ್ರಾಫ್ ಎಪಿಐ (ಮೈಕ್ರೋಸಾಫ್ಟ್ ಖಾತೆಗಳ ಮಾಹಿತಿಯನ್ನು ಪ್ರೋಗ್ರಾಂಗಳಿಗೆ ಒದಗಿಸುವ ವ್ಯವಸ್ಥೆ) ಮೂಲಕ ತೆಗೆಯುತ್ತಿದ್ದೇವೆ. ಹೆಸರು, ಇಮೇಲ್ ಬರುತ್ತದೆ, ವಿಭಾಗ ಬರುವುದಿಲ್ಲ. ಬರುವುದೂ 100 ಮಂದಿಯದ್ದು ಮಾತ್ರ. ಎಕ್ಸೆಲ್‌ನಲ್ಲಿ ಕನ್ನಡ, ಮಲಯಾಳ ಹೆಸರುಗಳೆಲ್ಲ ಕಲಸುಮೇಲೋಗರ.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಗ್ರಾಫ್ ಕೇಳದೆ ಕೊಡುವುದು ಹೆಸರು, ಇಮೇಲ್, ಹುದ್ದೆ, ಫೋನ್‌ನಂಥ ಕೆಲವೇ ಅಂಶಗಳನ್ನು. ವಿಭಾಗ ಬೇಕಿದ್ದರೆ ಗ್ರಾಫ್ ಅನ್ನು ಕರೆಯುವ ವಿಳಾಸದ (ಯುಆರ್‌ಎಲ್) ಕೊನೆಗೆ ಡಾಲರ್ ಚಿಹ್ನೆಯೊಡನೆ ‘ಸೆಲೆಕ್ಟ್’ ಸೇರಿಸಿ, ಬೇಕಾದ ಅಂಶಗಳನ್ನೆಲ್ಲ ಅಲ್ಪವಿರಾಮ ಹಾಕಿ ಬರೆಯಬೇಕು. ಲಿನಕ್ಸ್‌ನಲ್ಲಿ ಕರ್ಲ್ (ವಿಳಾಸ ಕೊಟ್ಟು ಮಾಹಿತಿ ತರಿಸುವ ಕಮಾಂಡ್) ಬಳಸುವವರು ಎಡವುವುದು ಇಲ್ಲೇ: ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಶೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಆ ಡಾಲರ್ ಪದವನ್ನು ತನ್ನ ವೇರಿಯಬಲ್ ಎಂದುಕೊಂಡು ನುಂಗಿಬಿಡುತ್ತದೆ. ಒಂಟಿ ಚಿಹ್ನೆ ಹಾಕಿ. ಆಮೇಲೂ ಖಾಲಿಯಿದ್ದರೆ ಖಾತೆ ತೆರೆದವರು ವಿಭಾಗವನ್ನು ತುಂಬಿಯೇ ಇಲ್ಲ ಎಂದು ತಿಳಿಯಿರಿ; ಇದೇನು ಅಪರೂಪವಲ್ಲ.

ಒಂದು ಪುಟಕ್ಕೆ 100 ಜನ ಎಂಬುದು ಅದರ ರೂಢಿ. ‘ಟಾಪ್’ ಕೊಟ್ಟು 999ರ ತನಕ ಏರಿಸಬಹುದು. ಆದರೂ ಉತ್ತರದಲ್ಲಿ ‘ನೆಕ್ಸ್ಟ್‌ಲಿಂಕ್’ (ಮುಂದಿನ ಪುಟದ ವಿಳಾಸ) ಇದೆಯೇ ನೋಡಿ. ಇದ್ದರೆ ಆ ವಿಳಾಸವನ್ನು ಇಡಿಯಾಗಿ, ಒಂದಕ್ಷರವೂ ಬದಲಿಸದೆ ಮತ್ತೆ ಕರೆಯಿರಿ. ಅದು ಬರುವುದು ನಿಂತಾಗ ಪಟ್ಟಿ ಮುಗಿದಂತೆ.

403 ದೋಷ ಬಂದರೆ ಅನುಮತಿಯದ್ದೇ ತಕರಾರು: ‘ಯೂಸರ್ ರೀಡ್ ಆಲ್’ ಸೇರಿಸಿದರೆ ಸಾಲದು, ಅಡ್ಮಿನ್ ಒಪ್ಪಿಗೆಯೂ ಬೇಕು. ಒಪ್ಪಿಗೆ ಸಿಕ್ಕಿದ ಮೇಲೆ ಟೋಕನ್ (ಗ್ರಾಫ್‌ಗೆ ತೋರಿಸುವ ಪ್ರವೇಶಪತ್ರ) ಹೊಸದಾಗಿ ಪಡೆಯಿರಿ. ಹಳೆಯದರಲ್ಲಿ ಹೊಸ ಅನುಮತಿ ಇರುವುದಿಲ್ಲ.

ಹೆಸರುಗಳು ಗ್ರಾಫ್‌ನಿಂದ ಸರಿಯಾಗಿಯೇ ಬಂದಿರುತ್ತವೆ. ಸಿಎಸ್‌ವಿ ಕಡತವನ್ನು (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ, ಅದನ್ನು ಗುರುತಿಸಲು ಕಡತದ ಆರಂಭದಲ್ಲಿಡುವ ಬಿಒಎಂ ಗುರುತಿನ ಸಹಿತ ಉಳಿಸಿ, ಎಕ್ಸೆಲ್ ಎರಡೂ ಲಿಪಿಗಳನ್ನು ನೆಟ್ಟಗೆ ತೋರಿಸುತ್ತದೆ.