ಕ್ಯಾಮೆರಾ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಕಲಬುರಗಿಯ ರೈಲು ನಿಲ್ದಾಣ ಹಾಗೂ ಶರಣಬಸವೇಶ್ವರ ಗುಡಿಯ ಸುತ್ತ ರಾತ್ರಿ ಕಳೆಯುವ, ಮನೆಯಿಲ್ಲದವರ ಬದುಕಿನ ಚಿತ್ರಪ್ರದರ್ಶನ ಏರ್ಪಡಿಸಲು ನಾವು ಕೆಲವು ಗೆಳೆಯರು ಯೋಚಿಸಿದ್ದೇವೆ. ಹೇಗೆ ಆರಂಭಿಸಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಚಿತ್ರ ತೆಗೆಯುವ ನಿಮ್ಮ ಆಸೆಯನ್ನು ಮೊದಲು ಬದಿಗಿಟ್ಟು, ಕ್ಯಾಮೆರಾವನ್ನು ಅವರಿಗೇ ಕೊಡಿ. 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರಗಳ ಬಗ್ಗೆ ಅವರಿಂದಲೇ ಮಾತನಾಡಿಸಿದ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಅವರ ವಿಧಾನವು ‘ಫೋಟೋವಾಯ್ಸ್’ ಎಂದು ಹೆಸರಾಗಿ, ಮುಂದೆ ಬೇರೆ ದೇಶಗಳಲ್ಲಿ ಮನೆಯಿಲ್ಲದವರ ನಡುವೆಯೂ ಬಳಕೆಗೆ ಬಂತು. ಹೊರಗಿನವರು ತೆಗೆದರೆ ಬಹುತೇಕ ಫುಟ್‌ಪಾತಿನಲ್ಲಿ ಮುದುಡಿ ಮಲಗಿದ ದೇಹವೇ ಸಿಗುತ್ತದೆ. ಅಲ್ಲಿಯೇ ಬದುಕುವವರು ಗಂಟು ಬಚ್ಚಿಡುವ ಜಾಗವನ್ನು, ನೀರು ಸಿಗುವ ನಲ್ಲಿಯನ್ನು, ಮೇ ತಿಂಗಳ ಬಿಸಿಲಿನಲ್ಲಿ ನೆರಳು ಸರಿದಂತೆ ತಾವೂ ಸರಿಯುವ ಗೋಡೆಯನ್ನು ತೋರಿಸಬಲ್ಲರು. ಕಥೆಯನ್ನು ಕನ್ನಡದಲ್ಲಿ ಹೇಳಲಿ, ದಖನಿಯಲ್ಲಿ ಹೇಳಲಿ, ಲಂಬಾಣಿಯಲ್ಲಿ ಹೇಳಲಿ, ಹಾಗೆಯೇ ಧ್ವನಿಮುದ್ರಿಸಿಕೊಳ್ಳಿ. ತಿದ್ದಿ ಗ್ರಂಥಭಾಷೆ ಮಾಡಬೇಡಿ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರೇ. ಆದರೆ ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟವರಿಗೆ ಸೇರುತ್ತದೆ. ನೀವು ದಿನಗೂಲಿ ಕೊಡುವುದಾದರೆ (ಕೊಡಲೇಬೇಕೆಂಬುದು ನನ್ನ ಅಭಿಪ್ರಾಯ, ದುಡಿಮೆ ಬಿಟ್ಟು ಬಂದವರಿಗೆ ಒಂದು ಚಹಾ ಸಾಲದು) ಹಕ್ಕು ಅವರದೇ ಎಂದು ಮೊದಲೇ ಬರೆದುಕೊಡಿ. ಮನೆಯ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗೆ ಗುರುತು ಸಿಗುವುದೇ ಅಪಾಯವಾದ್ದರಿಂದ, ಮುಖ ಅಥವಾ ಹೆಸರು ಬೇಡವೆಂದು ಪ್ರದರ್ಶನದ ಹಿಂದಿನ ದಿನ ಹೇಳಿದರೂ ಆ ಚಿತ್ರವನ್ನು ಕೆಳಗಿಳಿಸಬೇಕು.