ಹಿತ್ತಲಿನ ನಿಂಬೆ ಗಿಡ ಎಲೆ ಹಳದಿಯಾಗಿ ಒಂದೊಂದೇ ಕೊಂಬೆ ಒಣಗುತ್ತಿದೆ, ಯಾವ ರೋಗ?

ಎಲೆ ನೋಡಿ ತೀರ್ಮಾನ ಮಾಡಬೇಡಿ. ಮೊದಲು ಬುಡ ನೋಡಿ.

ಕಾಂಡದ ಸುತ್ತ ಏರಿಸಿದ ಮಣ್ಣನ್ನು ಸರಿಸಿ, ಚಾಕುವಿನಿಂದ ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಒಳಗೆ ಹಸಿರಾಗಿದ್ದರೆ ಅಲ್ಲಿ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ, ತೊಗಟೆ ಸೀಳಿ ಅಂಟು ಸೋರುತ್ತಿದ್ದರೆ ಅದು ಹೆಚ್ಚಾಗಿ ಫೈಟಾಫ್ಥೊರಾದಿಂದ ಬರುವ ಬುಡ ಕೊಳೆ. ಮಣ್ಣಲ್ಲೇ ಇರುವ ಈ ರೋಗಾಣು ನೀರು ನಿಂತ ಕಡೆ ಬೇಗ ಹರಡುತ್ತದೆ. ಒಂದು ಸಣ್ಣ ಬೇರನ್ನೂ ಎಳೆದು ನೋಡಿ, ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ಬೇರೂ ಕೊಳೆತಿದೆ ಅಂತ ಅರ್ಥ.

ಕಾಂಡದಲ್ಲಿ ತೂತು, ಕೆಳಗೆ ಮರದ ಹುಡಿ ಕಂಡರೆ ಅದು ಕಾಂಡ ಕೊರೆಯುವ ಹುಳ, ಔಷಧಿ ಬೇರೆ. ಎಲೆ, ಕಾಯಿ ಮೇಲಿನ ಒರಟು ಕಜ್ಜಿ ಕಲೆಗಳು ಕ್ಯಾಂಕರ್, ಅದೊಂದರಿಂದಲೇ ಇಡೀ ಗಿಡ ಸಾಯುವುದು ಅಪರೂಪ.

ಬುಡ ಕೊಳೆಯಾಗಿದ್ದರೆ ಕೊಳೆತ ತೊಗಟೆಯನ್ನು ಹಸಿರು ಸಿಗುವವರೆಗೆ ಕೆತ್ತಿ ತೆಗೆದು ಬೋರ್ಡೋ ಪೇಸ್ಟ್ ಹಚ್ಚಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಎರಡನ್ನೂ ಅರ್ಧರ್ಧ ಲೀಟರ್ ನೀರಲ್ಲಿ ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು, ಪ್ಲಾಸ್ಟಿಕ್ ಪಾತ್ರೆಯಲ್ಲೇ. ನೀರಿನ ಪಾತಿ ಕಾಂಡದಿಂದ ದೂರ ಇರಲಿ, ಕಸಿ ಗಿಡವಾದರೆ ಕಸಿ ಗಂಟು ಮಣ್ಣಿನ ಮೇಲೇ ಇರಬೇಕು. ಸುಮ್ನೆ ಗೊಬ್ಬರ ಜಾಸ್ತಿ ಹಾಕಬೇಡಿ, ಕೊಳೆತ ಬೇರು ಅದನ್ನು ಹೀರುವುದಿಲ್ಲ ಅಲ್ವಾ? ಕೊಳೆ ಕಾಂಡವನ್ನು ಪೂರ್ತಿ ಸುತ್ತುವರಿದಿದ್ದರೆ ಮಾತ್ರ ಉಳಿಯುವುದು ಕಷ್ಟ, ಆಗ ಬೇರು ಸಮೇತ ಕಿತ್ತು ಸುಟ್ಟುಬಿಡಿ.