ಸಂಪಾದಕರ ಉತ್ತರ: ಆ ಚಿತ್ರಕಥೆಗಳನ್ನು ಬೈಂಡಿಗೆ ಕೊಡಬೇಡಿ

ಮಂಡ್ಯದ ಅಶೋಕನಗರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಅಟ್ಟದ ಟ್ರಂಕಿನಲ್ಲಿ ಮಕ್ಕಳ ಹಳೆಯ ಚಿತ್ರಕಥೆ ಪುಸ್ತಕಗಳು ಸಿಕ್ಕಿವೆ, ನಲವತ್ತರಷ್ಟು. ಕನ್ನಡದ ಅಮರ ಚಿತ್ರ ಕಥೆಯಲ್ಲಿ ಸಿಂಡ್ರೆಲಾ, ಪಿನೋಕಿಯೊ ಇವೆ. ಇಂಗ್ಲಿಷಿನ ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್ ಕೆಲವು, ಪಂಚತಂತ್ರದವು ಕೆಲವು. ಪಿನ್ನು ತುಕ್ಕು ಹಿಡಿದಿದೆ, ಹುಳ ಬಿದ್ದಿದೆ. ಮುದ್ರಣದ ವರ್ಷ ಎಲ್ಲೂ ಇಲ್ಲ. ಮೊಮ್ಮಕ್ಕಳು ಓದಲೆಂದು ಈ ವಾರವೇ ಲ್ಯಾಮಿನೇಷನ್ ಮಾಡಿಸಿ ಒಂದೇ ಬೈಂಡು ಹಾಕಿಸೋಣವೆಂದಿದ್ದೇನೆ. ಮೈಸೂರಿನಲ್ಲಿ ತಾಳೆಗರಿಗೆ ಹಚ್ಚುವ ಹುಲ್ಲಿನೆಣ್ಣೆ ಇವಕ್ಕೂ ಆಗುತ್ತದೆಯೇ? ನಮ್ಮ ಪಂಚತಂತ್ರ ಇಟ್ಟುಕೋ, ಸಿಂಡ್ರೆಲಾ ಯಾಕೆ ಎನ್ನುತ್ತಾನೆ ಮಗ.”

ಮಾನ್ಯರೇ,

ಈ ವಾರವೇ ಬೈಂಡರಿಗೆ ಕೊಡುವುದಾಗಿ ಬರೆದಿರುವುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇವೆ. ದಯವಿಟ್ಟು ಕೊಡಬೇಡಿ. ಲೆಜರು, ಪಠ್ಯಪುಸ್ತಕಗಳಿಗೆ ಸರಿಹೋಗುವ ಬೈಂಡು ಚಿತ್ರಕಥೆಯನ್ನು ಹಾಳುಮಾಡುತ್ತದೆ. ಬೆನ್ನಿನಿಂದ ಅರ್ಧ ಸೆಂಟಿಮೀಟರಿಗಿಂತ ಒಳಗೆ ತೂತು ಹೊಡೆದು ಹೊಲಿದಾಗ, ನಡುವಿನ ಅಂಚಿನಲ್ಲಿರುವ ಮಾತಿನ ಬಲೂನು ಹೊಲಿಗೆಯೊಳಗೆ ಸೇರಿಹೋಗುತ್ತದೆ. ಆಮೇಲೆ ಮೂರು ಅಂಚನ್ನೂ ಸಮ ಮಾಡಲು ಕತ್ತರಿಸುತ್ತಾರೆ. ರಕ್ಷಾಪುಟದ ಮೂಲೆಯಲ್ಲಿರುವ ಬೆಲೆ, ಸಂಖ್ಯೆಗಳಿಗೆ ಕುತ್ತು ಬರುವುದು ಆಗಲೇ. ಹುಳ ಬಾರದಿರಲೆಂದು ಮೈದಾ ಸರಿಗೆ (ಅಂಟಿಗೆ) ಮೈಲುತುತ್ತ ಬೆರೆಸುವ ರೂಢಿಯೂ ಇದೆ. ಆ ತಾಮ್ರದ ಉಪ್ಪು ಕಾಗದವನ್ನು ಇನ್ನಷ್ಟು ಬೇಗ ಕಂದಿಸಿ ಪುಡಿಯಾಗಿಸುತ್ತದೆ. ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಬಿಸಿಗೆ ಕರಗಿದ ಅಂಟು ಕಾಗದದ ನಾರಿಗಿಳಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಎಣ್ಣೆಯೂ ಬೇಡ. ಒಣಗಿ ಸಿಡಿಯುವ ತಾಳೆಗರಿಗೆ ಎಣ್ಣೆ ಬಳುಕು ಕೊಡುತ್ತದೆ, ಕಾಗದ ಅದನ್ನು ಹೀರಿಕೊಂಡು ಕಲೆಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ.

ಇನ್ನು ನಿಮ್ಮ ಮಗನ ಪ್ರಶ್ನೆ. ಆ ಟ್ರಂಕಿನಲ್ಲಿ ಎಲ್ಲಕ್ಕಿಂತ ಜೋಪಾನ ಮಾಡಬೇಕಾದದ್ದು ಕನ್ನಡದ ಆ ಸಿಂಡ್ರೆಲಾ, ಪಿನೋಕಿಯೊಗಳನ್ನೇ. ಅಮರ ಚಿತ್ರ ಕಥೆ ಶುರುವಾದದ್ದು ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಪ್ರಕಾಶನದ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ ಅವರು ಹೊರತಂದ ಮೊದಲ ಹತ್ತು ಪುಸ್ತಕಗಳಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಸಿಂಡ್ರೆಲಾ, ಸ್ನೋ ವೈಟ್, ಅಲ್ಲಾದೀನ, ಪಿನೋಕಿಯೊ, ಮೂರು ಹಂದಿಮರಿಗಳಂಥ ಕಥೆಗಳಿದ್ದವು. ಅವು ಚೆನ್ನಾಗಿ ಮಾರಾಟವಾದ ಮೇಲೆ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷ್ ಮಾಲೆ ಬಂತು. ಅದರಲ್ಲಿ ‘ಕೃಷ್ಣ’ನಿಗೆ 11ನೇ ಸಂಖ್ಯೆ ಸಿಕ್ಕಿದ್ದು, ಮೊದಲ ಹತ್ತು ಕನ್ನಡದ ಪಾಲಾಗಿದ್ದರಿಂದ.

ಆ ಹತ್ತು ಪುಸ್ತಕಗಳ ಮೂಲ ನಿಮ್ಮ ಟ್ರಂಕಿನಲ್ಲೇ ಇರುವ ಕ್ಲಾಸಿಕ್ಸ್ ಜೂನಿಯರ್ ಮಾಲೆ. ನ್ಯೂಯಾರ್ಕಿನ ಗಿಲ್ಬರ್ಟನ್ ಕಂಪನಿ 1953ರ ಅಕ್ಟೋಬರಿನಲ್ಲಿ ಸ್ನೋ ವೈಟ್‌ನಿಂದ ಆರಂಭಿಸಿತು. ಸಂಖ್ಯೆ 501ರಿಂದ 577ರವರೆಗೆ, ಒಟ್ಟು 77 ಪುಸ್ತಕ. ಸಿಂಡ್ರೆಲಾ 503. ಅದು ನಿಮ್ಮಲ್ಲಿದ್ದರೆ ಕನ್ನಡದ್ದನ್ನು ಪಕ್ಕಕ್ಕಿಟ್ಟು ಚೌಕಕ್ಕೆ ಚೌಕ ಹೋಲಿಸಿ, ಬಲೂನುಗಳನ್ನು ಬಿಡದೆ ನೋಡಿ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಳೆದು ಬಿಟ್ಟ ಜಾಗದಲ್ಲಿ ಕನ್ನಡ ಕೂರಿಸುವುದು ಸುಲಭದ ಮಾತಲ್ಲ. ಒತ್ತಕ್ಷರ ಕೆಳಕ್ಕಿಳಿಯುತ್ತದೆ, ಗುಡಿಸು ಮೇಲಕ್ಕೇಳುತ್ತದೆ, ಸಾಲಿನ ನಡುವೆ ಹೆಚ್ಚು ಅಂತರ ಬೇಕು. ಮಾತನ್ನು ಮೊಟಕು ಮಾಡದೆ ಗತ್ಯಂತರವಿಲ್ಲ. ಮಕ್ಕಳ ಕನ್ನಡವನ್ನು ಅಷ್ಟು ಚಿಕ್ಕದಾಗಿ, ಅಷ್ಟು ತಿಳಿಯಾಗಿ ಬರೆಯುವ ಕಸುಬು ಹೇಗಿತ್ತೆಂಬುದಕ್ಕೆ ಉಳಿದಿರುವ ಸಾಕ್ಷಿ ಇಂಥ ಪ್ರತಿಗಳೇ. ಇನ್ನು ‘ನಮ್ಮ’ ಪಂಚತಂತ್ರವೂ ಒಂದೆಡೆ ಕೂತಿದ್ದಲ್ಲ. 6ನೇ ಶತಮಾನದಲ್ಲಿ ಪರ್ಷಿಯಾಕ್ಕೆ, 8ನೇ ಶತಮಾನದಲ್ಲಿ ಅರಬ್ಬಿಗೆ ಹೋಗಿ, ಅಲ್ಲಿಂದ ಯುರೋಪು ಸೇರಿತು. ಕನ್ನಡಕ್ಕೆ ದುರ್ಗಸಿಂಹ ತಂದದ್ದು 11ನೇ ಶತಮಾನದಲ್ಲಿ. ಎರಡನ್ನೂ ಇಟ್ಟುಕೊಳ್ಳಿ.

ಮುದ್ರಣದ ಕಾಲ ಗೊತ್ತುಮಾಡಲು ವಿಳಾಸ ಓದಿ. ಆರಂಕಿಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಪ್ರಕಾಶಕರದೋ ಜಾಹೀರಾತಿನದೋ ಯಾವುದೇ ವಿಳಾಸದಲ್ಲಿ ಅದು ಇದ್ದರೆ ಆ ಪ್ರತಿ ಅದಕ್ಕಿಂತ ಈಚಿನದು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು, ಆ ಹೆಸರನ್ನೂ ಹುಡುಕಿ. ಒಂದು ಎಚ್ಚರ: ಹೊಸದು ಕಂಡರೆ ಪುರಾವೆ, ಹಳೆಯದು ಕಂಡರೆ ಬರಿಯ ಸುಳಿವು. ಮರುಮುದ್ರಣದಲ್ಲಿ ಹಳೆಯ ವಿಳಾಸ ತಿದ್ದದೆ ಬಿಟ್ಟಿರಬಹುದು. ಜೂನಿಯರ್ ಪುಸ್ತಕಗಳಲ್ಲಿ ಹಿಂದಿನ ಸಂಚಿಕೆಗಳ ಪಟ್ಟಿ ಇದ್ದರೆ ಅದರ ಅತಿ ದೊಡ್ಡ ಸಂಖ್ಯೆ ನೋಡಿ. ರಕ್ಷಾಪುಟದ ಮೇಲೆ 503 ಇದ್ದು ಪಟ್ಟಿ 560ರ ತನಕ ಹೋಗಿದ್ದರೆ ಅದು ಮೊದಲ ಮುದ್ರಣವಲ್ಲ. ಅಮರ ಚಿತ್ರ ಕಥೆಯ ಈಚಿನ ಮರುಮುದ್ರಣಗಳಿಗೂ 501ರಿಂದ ಸಂಖ್ಯೆ ಕೊಟ್ಟಿದ್ದಾರೆ, ‘ಕೃಷ್ಣ’ ಅಲ್ಲಿ 501. ಅದನ್ನು ಇದಕ್ಕೆ ಬೆರೆಸಿಕೊಳ್ಳಬೇಡಿ.

ಈಗ ಹುಳ. ಕಾಗದ ಹಳದಿಯಾಗುವುದು ಬೇರೆ ವಿಷಯ: ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೂ ಗಾಳಿಗೂ ಕಂದುತ್ತದೆ, ಅದನ್ನು ಹಿಂದಕ್ಕೆ ತಿರುಗಿಸಲು ಆಗದು, ನಿಧಾನಿಸಬಹುದು. ಹುಳವನ್ನಾದರೆ ಪೂರ್ತಿ ನಿಲ್ಲಿಸಬಹುದು. ಐದೈದು ಪುಸ್ತಕಗಳನ್ನು ಜಿಪ್ ಇರುವ ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿ ಹೊರಗೊತ್ತಿ, ಮೇಲೆ ಇನ್ನೊಂದು ಚೀಲ ಹಾಕಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಫ್ರಿಜ್ಜಿನ ಐಸ್ ಪೆಟ್ಟಿಗೆಗೆ ಅಷ್ಟು ತಂಪು ಸಾಮಾನ್ಯವಾಗಿ ಬರುವುದಿಲ್ಲ. ನಡುವೆ ತಾಸುಗಟ್ಟಲೆ ಕರೆಂಟು ಹೋದರೆ ಲೆಕ್ಕ ಮೊದಲಿನಿಂದ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಲೇಬೇಡಿ. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂತು ಬೂಷ್ಟಿಗೆ ದಾರಿಯಾಗುತ್ತದೆ. ತೇವ ಇರುವ ಪ್ರತಿಯನ್ನು ಮೊದಲು ಫ್ಯಾನಿನಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣ ಹಾರುತ್ತದೆ. ನುಸಿಗುಳಿಗೆಯ ಹೊಗೆ ಕಾಗದಕ್ಕೆ ಹಿಡಿದುಕೊಳ್ಳುತ್ತದೆ. ಮಕ್ಕಳು ಮೂಗಿನ ಹತ್ತಿರ ಹಿಡಿದು ಓದುವ ಪುಸ್ತಕಕ್ಕೆ ಅದು ಬೇಡ.

ತುಕ್ಕು ಪಿನ್ನು ತೆಗೆಯಲು ಪುಸ್ತಕವನ್ನು ನಟ್ಟನಡುವಿನ ಹಾಳೆಗೆ ತೆರೆದು ಮೇಜಿನ ಮೇಲೆ ಮಲಗಿಸಿ. ಪ್ರತಿ ಪಿನ್ನಿನ ಬಾಗಿದ ಎರಡು ಕಾಲುಗಳು ಅಲ್ಲಿ ಕಾಣುತ್ತವೆ. ಅವುಗಳ ಕೆಳಗೆ ತೆಳು ಪ್ಲಾಸ್ಟಿಕ್ ತುಂಡೊಂದನ್ನು ತೂರಿಸಿ, ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಆಮೇಲೆ ಬೆನ್ನಿನ ಕಡೆಯಿಂದ ಪಿನ್ನನ್ನು ಎತ್ತಿ. ಒಳಗಿನಿಂದಲೇ ಎಳೆದರೆ ರಕ್ಷಾಪುಟದ ಬೆನ್ನು ಹರಿಯುತ್ತದೆ. ತುಕ್ಕು ಕಾಗದಕ್ಕೆ ಅಂಟಿದ್ದರೆ ಕಾಲುಗಳನ್ನು ಇಕ್ಕಳದಿಂದ ತುಂಡರಿಸಿ ಬಿಡಿಸಿ. ಹೊಸ ಪಿನ್ನು ಹೊಡೆಯದೆ, ಅದೇ ನಾಲ್ಕು ತೂತುಗಳಲ್ಲಿ ಬಿಳಿ ಹತ್ತಿಯ ದಾರ ಪೋಣಿಸಿ ಒಳಗಡೆ ಗಂಟು ಹಾಕಿ. ಬಿಗಿ ಎಳೆದರೆ ದಾರವೇ ಕಾಗದವನ್ನು ಕೊಯ್ಯುತ್ತದೆ.

ಹರಿದ ಹಾಳೆಗೆ ಸೆಲೋ ಟೇಪ್ ಹಚ್ಚಬಾರದು. ವರ್ಷಗಳಾದ ಮೇಲೆ ಟೇಪು ಉದುರಿ ಅಂಟು ಮಾತ್ರ ಹಳದಿ ಪಟ್ಟೆಯಾಗಿ ಉಳಿಯುತ್ತದೆ. ಬದಲಿಗೆ ಸರಿ ಕಾಯಿಸಿ: ಗೋಧಿ ಪಿಷ್ಟ ಒಂದು ಪಾಲು, ನೀರು ಐದು ಪಾಲು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕೈಬಿಡದೆ ತಿರುವಿ, ಆರಿದ ಮೇಲೆ ಸೋಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ತೆಳುವಾದ ಜಪಾನಿ ಟಿಶ್ಯೂ ಕಾಗದವನ್ನು ಕತ್ತರಿಸುವ ಬದಲು, ಒದ್ದೆ ಕುಂಚದಲ್ಲಿ ಗೆರೆ ಎಳೆದು ಸೀಳಿ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ. ಅಂಚಿನ ನಾರು ಹಾಳೆಯಲ್ಲಿ ಬೆರೆತುಹೋಗುತ್ತದೆ. ಪಟ್ಟಿಗೆ ಸರಿ ಹಚ್ಚಿ ಹರಿದ ಜಾಗಕ್ಕೆ ಅಂಟಿಸಿದ ಮೇಲೆ ಎರಡೂ ಕಡೆ ಬಟರ್ ಪೇಪರ್ ಇಟ್ಟು ಭಾರ ಹೇರಿ ರಾತ್ರಿಯಿಡೀ ಬಿಡಿ. ಈ ಸರಿ ಮೂರ್ನಾಲ್ಕು ದಿನಕ್ಕೆ ಹುಳಿಯಾಗುತ್ತದೆ, ಆಗ ಚೆಲ್ಲಿ.

ಅಟ್ಟಕ್ಕೆ ಮರಳಿ ಕಳಿಸಬೇಡಿ. ಪಾಲಿಪ್ರೊಪಿಲೀನ್ ಕವರಿನಲ್ಲಿ ಒಂದೊಂದನ್ನೇ ಹಾಕಿ, ಹತ್ತು ಹನ್ನೆರಡರ ಅಟ್ಟಿ ಮಾಡಿ, ಒಳಗೋಡೆಗೆ ಒರಗಿದ ಬೀರುವಿನಲ್ಲಿ ಮಲಗಿಸಿಡಿ. ಗಾಟು ವಾಸನೆಯ ಮೆತ್ತನೆ ಪ್ಲಾಸ್ಟಿಕ್ ಪಿವಿಸಿ ಇರುತ್ತದೆ, ಮುದ್ರಣದ ಶಾಯಿ ಅದಕ್ಕೆ ಅಂಟುತ್ತದೆ.

ಮೊಮ್ಮಕ್ಕಳಿಗೆ ಎರಡೆರಡು ಇರುವ ಪ್ರತಿಗಳನ್ನು ಸಂಕೋಚವಿಲ್ಲದೆ ಕೈಗೆ ಕೊಡಿ. ಒಂದೇ ಇರುವುದನ್ನು ಮನೆಯ ಬಳಕೆಗೆ ಸ್ಕ್ಯಾನ್ ಮಾಡಿಸಿ: 300 ಡಿಪಿಐ (ಇಂಚಿಗೆ 300 ಚುಕ್ಕೆ) ಓದಲು ಸಾಕು, ಕಾದಿಡಲು 600. ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟರೆ ಮತ್ತೊಂದು ಬದಿಯ ಚಿತ್ರ ಮೂಡಿ ಕಾಣುವುದಿಲ್ಲ. ಮಾರುವ ಯೋಚನೆ ಬಂದರೆ ತೂಕಕ್ಕಂತೂ ಹಾಕಬೇಡಿ. ಮೊದಲು ಪುಟ ಎಣಿಸಿ, ಕೂಪನ್ ಕತ್ತರಿಸಿದ ಕಿಂಡಿ ಇದೆಯೇ ನೋಡಿ, ಒಂದೊಂದರ ಸಂಖ್ಯೆ, ಬೆಲೆ, ವಿಳಾಸ ಬರೆದಿಟ್ಟುಕೊಳ್ಳಿ. ಜೂನಿಯರ್ ಪುಸ್ತಕಗಳಲ್ಲಿ ಬಣ್ಣ ತುಂಬುವ ಪುಟವೊಂದಿರುತ್ತದೆ. ನಿಮ್ಮ ಮನೆಯ ಯಾರೋ ಅದಕ್ಕೆ ಕ್ರೇಯಾನ್ ಹಚ್ಚಿದ್ದರೆ ರಬ್ಬರು ಮುಟ್ಟಿಸಬೇಡಿ. ಕ್ರೇಯಾನಿನ ಮೇಣ ಅಳಿಯುವುದಿಲ್ಲ, ಹಾಳೆ ಸವೆದು ತೂತಾಗುತ್ತದೆ.

– ಸಂ.